ಗಗನಗಾಮಿನಿ ಏಮಿ ಜಾನ್ಸನ್

ವಿಮಾನವೆಂದೊಡನೆ ಇಂದು ನಮ್ಮ ಕಣ್ಣ ಮುಂದೆ ನಿಲ್ಲುವುದು ನೂರಾರು ಜನರನ್ನು ಹೊತ್ತು ಮೋಡಗಳ ಮೇಲೆ ಸಾಗುವ ಲೋಹದ ಬೃಹತ್ ಯಂತ್ರ. 1930ರ ಸುಮಾರಿನ ಪುಟ್ಟ ವಿಮಾನ ಅಂಥದಲ್ಲ. ಮರದ ಚೌಕಟ್ಟು, ಅದರ ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆ, ಮುಂಭಾಗದಲ್ಲಿ ಒಂದು ಎಂಜಿನ್ನು, ಮೇಲೆ ಮುಚ್ಚಳವಿಲ್ಲದ ಗೂಡಿನಲ್ಲಿ ಕುಳಿತ ಚಾಲಕ; ಇಷ್ಟೇ ಅದರ ಸಂಪತ್ತು. ಮಳೆ ಬಂದರೆ ಚಾಲಕ ನೆನೆಯಬೇಕು, ಬಿಸಿಲು ಬಂದರೆ ಬೇಯಬೇಕು. ನೆಲದೊಡನೆ ಮಾತನಾಡಲು ರೇಡಿಯೋ ಇರಲಿಲ್ಲ. ತೊಡೆಯ ಮೇಲೆ ಹರಡಿಕೊಂಡ ನಕ್ಷೆ, ಕಣ್ಣ ಮುಂದಿನ ದಿಕ್ಸೂಚಿ, ಕೆಳಗೆ ಕಾಣುವ ನದಿ ಮತ್ತು ರೈಲುಹಾದಿ, ಇವೇ ಅವನ ದಾರಿ ತೋರುಗರು. ಇಂಥ ವಿಮಾನವೊಂದರಲ್ಲಿ ಒಬ್ಬಳೇ ಕುಳಿತು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದ ಮೊದಲ ಮಹಿಳೆ ಏಮಿ ಜಾನ್ಸನ್. ಆಕೆಯ ಸಾಹಸದ ಕಥೆ ಲೋಕಕ್ಕೆಲ್ಲ ಗೊತ್ತು. ತನ್ನಂತೆಯೇ ಆಕಾಶವನ್ನು ಪ್ರೀತಿಸಿದ ವೈಮಾನಿಕನೊಬ್ಬನ ಕೈಹಿಡಿದು, ಒಲವು ಕಸುಬು ಎರಡನ್ನೂ ಉಳಿಸಿಕೊಳ್ಳಲು ಆಕೆ ಪಟ್ಟ ಪಾಡು ಅಷ್ಟಾಗಿ ಗೊತ್ತಿಲ್ಲ.

ಏಮಿ ಹುಟ್ಟಿದ್ದು 1903ನೆಯ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಮೀನಿನ ವ್ಯಾಪಾರ ಅವಳ ಮನೆತನದ ಉದ್ಯೋಗ. ನಾಲ್ವರು ಹೆಣ್ಣುಮಕ್ಕಳಲ್ಲಿ ಇವಳೇ ಹಿರಿಯಳು. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಪದವಿ ಪಡೆದಳು. ತಾರುಣ್ಯದಲ್ಲಿ ಒಬ್ಬನನ್ನು ಹಲವು ವರ್ಷ ಮನಸಾರೆ ಪ್ರೀತಿಸಿದಳು. ಅವನು 1928ರಲ್ಲಿ ಬೇರೊಬ್ಬಳನ್ನು ಮದುವೆಯಾದನು. ಆ ವೇಳೆಗೆ ಏಮಿ ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ನಗರದ ಹೊರವಲಯದ ಸ್ಟ್ಯಾಗ್ ಲೇನ್ ಎಂಬಲ್ಲಿ ಲಂಡನ್ ವಿಮಾನ ಸಂಘದ ಮೈದಾನವಿದ್ದಿತು. 1928ರ ಶರತ್ಕಾಲದಲ್ಲಿ ಆಕೆ ಅಲ್ಲಿ ಹಾರಾಟದ ಪಾಠಕ್ಕೆ ಸೇರಿದಳು. ಮುರಿದ ಮನಸ್ಸಿಗೆ ಮದ್ದೆಂದು ತೊಡಗಿದ ಅಭ್ಯಾಸ ಬಾಳಿನ ವ್ರತವಾಯಿತು.

ಪಾಠವೇನೂ ಸುಲಭವಾಗಿ ಕೈಗೂಡಲಿಲ್ಲ. ವಿಮಾನವನ್ನು ನೆಲಕ್ಕಿಳಿಸುವ ವಿದ್ಯೆ ಅವಳಿಗೆ ಕಡೆಯವರೆಗೂ ತುಸು ತೊಡಕಿನದಾಗಿಯೇ ಉಳಿಯಿತು ಎಂಬುದನ್ನು ಅವಳ ಯಾತ್ರೆಗಳ ಚರಿತ್ರೆಯೇ ಹೇಳುತ್ತದೆ. ಆದರೆ ಆಕೆಯಲ್ಲಿ ಬೇರೊಂದು ಗುಣವಿದ್ದಿತು. ಹಾರಿಸುವುದಷ್ಟೇ ಸಾಲದು, ಯಂತ್ರದ ಹೊಟ್ಟೆಯೊಳಗೇನಿದೆ ಎಂಬುದು ತಿಳಿಯಬೇಕು ಎಂದು ಆಕೆ ಹಟ ಹಿಡಿದಳು. ಕಚೇರಿಯ ಕೆಲಸಕ್ಕೆ ಮೊದಲೂ ಅನಂತರವೂ ವಿಮಾನದ ಕೊಟ್ಟಿಗೆಗೆ ಹೋಗಿ, ಎಣ್ಣೆ ಮೆತ್ತಿದ ಉಡುಪಿನಲ್ಲಿ ಎಂಜಿನ್ನು ಬಿಚ್ಚಿ ಜೋಡಿಸುವುದನ್ನು ಕಲಿತಳು. ಜ್ಯಾಕ್ ಹಂಫ್ರೀಸ್ ಎಂಬ ನುರಿತ ಎಂಜಿನಿಯರು ಅವಳಿಗೆ ಗುರುವಾದನು. ಹೆಣ್ಣು ಅಲ್ಲಿಗೆ ಬರುವುದೇ ವಿಚಿತ್ರವಾಗಿದ್ದ ಕಾಲವದು. ಮೊದಮೊದಲು ದೂರ ನಿಂತು ನೋಡಿದ ಕೆಲಸಗಾರರು ಬರಬರುತ್ತ ಅವಳನ್ನು ತಮ್ಮವಳೆಂದೇ ಕಂಡು ಜಾನಿ ಎಂದು ಕರೆಯತೊಡಗಿದರು. 1929ರಲ್ಲಿ ಆಕೆಗೆ ಚಾಲಕಿಯ ಪರವಾನಗಿ ದೊರೆಯಿತು. ಅದೇ ವರ್ಷದ ಕೊನೆಯಲ್ಲಿ ವಿಮಾನ ಎಂಜಿನಿಯರಿನ ಪರವಾನಗಿಯನ್ನೂ ಪಡೆದಳು. ಬ್ರಿಟನ್ನಿನಲ್ಲಿ ಹೆಂಗಸೊಬ್ಬಳು ಅದನ್ನು ಗಳಿಸಿದ್ದು ಅದೇ ಮೊದಲು.

ಆಸ್ಟ್ರೇಲಿಯಾಕ್ಕೆ ಹಾರಬೇಕೆಂಬ ಯೋಚನೆ ಆಕೆಗೆ ಬಂದಾಗ ಅವಳು ಮಾಡಿದ್ದ ಅತಿ ದೀರ್ಘ ಪ್ರಯಾಣವೆಂದರೆ ಲಂಡನ್ನಿನಿಂದ ಹಲ್‌ವರೆಗಿನದು. ಅದು ಹೆಚ್ಚುಕಡಮೆ ನಮ್ಮ ಬೆಂಗಳೂರಿನಿಂದ ಶಿವಮೊಗ್ಗೆಗೆ ಇರುವಷ್ಟು ದೂರ. ಹಾರಬೇಕಾಗಿದ್ದುದು 11,000 ಮೈಲಿ. ಹಣಕ್ಕಾಗಿ ಅಲೆದಳು. ಎಣ್ಣೆಯ ಉದ್ಯಮಿಯಾದ ಲಾರ್ಡ್ ವೇಕ್‌ಫೀಲ್ಡನೂ ಅವಳ ತಂದೆಯೂ ಸೇರಿ ನೆರವಾದರು. 600 ಪೌಂಡಿಗೆ ಹಳೆಯದೊಂದು ಜಿಪ್ಸಿ ಮಾತ್ ವಿಮಾನ ಬಂದಿತು. ಅದಕ್ಕೆ ಹಸಿರು ಬಣ್ಣ ಬಳಿಸಿ ಜೇಸನ್ ಎಂದು ಹೆಸರಿಟ್ಟಳು. ಪುರಾಣದ ವೀರನ ಹೆಸರು ಅದು ಎಂದು ಲೋಕ ಭಾವಿಸಬಹುದು; ನಿಜವಾಗಿ ಅದು ಅವಳ ತಂದೆಯ ಮೀನಿನ ವ್ಯಾಪಾರದ ಮುದ್ರೆಯಾಗಿತ್ತು.

1930ರ ಮೇ 5ರ ಬೆಳಿಗ್ಗೆ ಆಕೆ ಕ್ರಾಯ್ಡನ್ ನಿಲ್ದಾಣದಿಂದ ಹೊರಟಳು. ಕಳುಹಿಸಲು ಬಂದಿದ್ದವರು ತಂದೆಯೂ ಕೆಲವರು ಗೆಳೆಯರೂ ಮಾತ್ರ. ಅದೇ ಮುಂಜಾವದಲ್ಲಿ, ಇತ್ತ ಭಾರತದಲ್ಲಿ, ಉಪ್ಪಿನ ಸತ್ಯಾಗ್ರಹವನ್ನು ನಡೆಸುತ್ತಿದ್ದ ಗಾಂಧೀಜಿಯವರನ್ನು ಸರ್ಕಾರ ಬಂಧಿಸಿದ್ದಿತು. ಅವರೊಡನೆ ದಂಡಿಗೆ ನಡೆದಿದ್ದ ಕನ್ನಡಿಗ, ಹಾವೇರಿಯ ಬಳಿಯ ಮೋಟೆಬೆನ್ನೂರಿನ ಮೈಲಾರ ಮಹಾದೇವನ ಹೆಸರು ನಮ್ಮ ನಾಡಿನಲ್ಲಿ ಮನೆಮಾತಾಗುತ್ತಿದ್ದ ದಿನಗಳವು. ಹಾನಗಲ್ಲು, ತಿಳವಳ್ಳಿಗಳ ಕಡೆಯ ಜನ ಆ ಬೇಸಿಗೆಯಲ್ಲಿ ಕಿವಿಗೊಟ್ಟಿದ್ದುದು ಆ ಸುದ್ದಿಗೇ ಹೊರತು ಆಕಾಶದ ಸುದ್ದಿಗಲ್ಲವೆಂದರೆ ಸಹಜವೇ. ಆದರೂ ಏಮಿಯ ದಾರಿ ಭಾರತದ ಮೇಲೆಯೇ ಹಾದುಹೋಗುತ್ತಿದ್ದಿತು.

ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೋಗಳನ್ನು ದಾಟುತ್ತ ಆಕೆ ಮುಂದೆ ಸಾಗಿದಳು. ಟಾರಸ್ ಪರ್ವತಗಳ ಕಣಿವೆಯಲ್ಲಿ ಮೋಡ ಕವಿದು, ಬಂಡೆಗಳ ನಡುವೆ ನುಸುಳಬೇಕಾಯಿತು. ಬಾಗ್ದಾದಿನ ದಾರಿಯಲ್ಲಿ ಮರಳ ಬಿರುಗಾಳಿ ಎದ್ದು ವಿಮಾನವನ್ನು ಮರುಭೂಮಿಗೆ ಇಳಿಸಿತು. ಗಾಳಿಗೆ ಅದು ಉರುಳದಂತೆ ಗಾಲಿಗಳಿಗೆ ತನ್ನ ಗಂಟುಮೂಟೆಗಳನ್ನು ಒತ್ತಿಟ್ಟು, ಪಿಸ್ತೂಲನ್ನು ಕೈಯಲ್ಲಿ ಹಿಡಿದು, ಬಿರುಗಾಳಿ ಇಳಿಯುವವರೆಗೂ ಅಲ್ಲಿಯೇ ಕುಳಿತಳು. ಹಗಲೆಲ್ಲ ಹಾರಾಟ, ರಾತ್ರಿ ನೆಲ ಮುಟ್ಟಿದ ಮೇಲೆ ಎಂಜಿನ್ನಿನ ಶುಶ್ರೂಷೆ, ನಡುವೆ ಕೆಲವೇ ಗಂಟೆಗಳ ನಿದ್ದೆ. ಆರನೆಯ ದಿನ ಕರಾಚಿಯನ್ನು ಮುಟ್ಟಿದಾಗ, ಅದುವರೆಗಿನ ದಾಖಲೆಗಿಂತ ಎರಡು ದಿನ ಮೊದಲೇ ಆಕೆ ಭಾರತವನ್ನು ತಲುಪಿದ್ದಳು. ಲಂಡನ್ನಿನ ಪತ್ರಿಕೆಗಳು ಎಚ್ಚೆತ್ತುಕೊಂಡದ್ದು ಆಗಲೇ.

ಕರಾಚಿಯಿಂದ ಅಲಹಾಬಾದಿಗೆ ಹೊರಟವಳಿಗೆ ದಾರಿಯಲ್ಲಿ ಪೆಟ್ರೋಲು ಮುಗಿಯುತ್ತ ಬಂದಿತು. ಝಾನ್ಸಿಯ ಸೈನಿಕರ ಕವಾಯತಿನ ಬಯಲು ಕಂಡಿತು, ಅಲ್ಲಿಯೇ ಇಳಿದಳು. ಬಯಲು ಚಿಕ್ಕದು. ವಿಮಾನ ಓಡಿ ಒಂದು ರೆಕ್ಕೆ ಪೆಟ್ಟು ತಿಂದಿತು. ಊರಿನ ಬಡಗಿಯೊಬ್ಬನು ಅದನ್ನು ಸರಿಪಡಿಸಿಕೊಟ್ಟನು. ರಾಣಿ ಲಕ್ಷ್ಮೀಬಾಯಿಯ ಊರಿನಲ್ಲಿ, ಹೆಸರು ತಿಳಿಯದ ಆ ಬಡಗಿಯ ಕೈಗುಣದಿಂದ ಜೇಸನ್ ಮತ್ತೆ ಮೇಲೆದ್ದಿತು. ಕಲ್ಕತ್ತೆಯನ್ನು ದಾಟಿ ರಂಗೂನಿನ ಬಳಿಯ ಇನ್‌ಸೇನಿನಲ್ಲಿ, ಮಳೆಯ ನಡುವೆ, ತಾಂತ್ರಿಕ ಶಾಲೆಯೊಂದರ ಆಟದ ಮೈದಾನಕ್ಕೆ ಇಳಿದಾಗ ಇನ್ನೂ ದೊಡ್ಡ ಅನಾಹುತವಾಯಿತು. ವಿಮಾನ ಹಳ್ಳಕ್ಕೆ ಬಿದ್ದು ರೆಕ್ಕೆ ಹರಿಯಿತು, ಗಾಲಿಯ ಚೌಕಟ್ಟು ಮುರಿಯಿತು. ಆ ಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಗಲಿರುಳು ದುಡಿದರು. ಹಿಂದಿನ ಯುದ್ಧಕಾಲದ ವಿಮಾನದ ಬಟ್ಟೆ ಉಳಿದದ್ದರಲ್ಲಿ ಹೊಲಿಸಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು. ಆದರೆ ದಾಖಲೆಯ ಆಸೆ ಅಲ್ಲಿಗೆ ಮುಗಿಯಿತು. ಹಿಂದೆ ಬರ್ಟ್ ಹಿಂಕ್ಲರ್ ಹದಿನೈದೂವರೆ ದಿನಗಳಲ್ಲಿ ಕ್ರಮಿಸಿದ್ದ ದೂರಕ್ಕೆ ಏಮಿಗೆ ಹತ್ತೊಂಬತ್ತೂವರೆ ದಿನ ಹಿಡಿಯಿತು. ಕೊನೆಯ ಸುಮಾರು 500 ಮೈಲಿ ಬರಿಯ ಸಮುದ್ರ. ಮೇ 24ರಂದು ಆಕೆ ಡಾರ್ವಿನ್ನಿನ ನೆಲವನ್ನು ಮುಟ್ಟಿದಳು. ದಾಖಲೆ ಮುರಿಯದಿದ್ದರೂ ಜಗತ್ತು ಅವಳನ್ನು ತಲೆಯ ಮೇಲೆ ಹೊತ್ತಿತು. ಇಪ್ಪತ್ತಾರರ ಆ ತರುಣಿಗೆ ಪ್ರಶಸ್ತಿ, ಬಿರುದು, ಪತ್ರಿಕೆಯೊಂದರ 10,000 ಪೌಂಡುಗಳ ಒಪ್ಪಂದ ಎಲ್ಲವೂ ಬಂದವು. ಜನಜಂಗುಳಿಯ ನಡುವೆ ಊರೂರು ಸುತ್ತಿ ಕಡೆಗೆ ಆಕೆ ಬಳಲಿ ಹಾಸಿಗೆ ಹಿಡಿದಳು. ಹಾರಾಟಕ್ಕಿಂತ ಸನ್ಮಾನವೇ ಆಕೆಯನ್ನು ಹೆಚ್ಚು ದಣಿಸಿತು.

ಆಸ್ಟ್ರೇಲಿಯಾದಲ್ಲಿದ್ದಾಗ ಆಕೆ ಒಬ್ಬ ತರುಣ ಚಾಲಕನನ್ನು ಕಂಡಿದ್ದಳು. ಅವನು ಜಿಮ್ ಮಾಲಿಸನ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1905ರಲ್ಲಿ ಹುಟ್ಟಿದವನು; ಬ್ರಿಟನ್ನಿನ ವಾಯುಸೇನೆಯಲ್ಲಿದ್ದು, ಅನಂತರ ಆಸ್ಟ್ರೇಲಿಯಾದ ವಿಮಾನ ಕಂಪನಿಯಲ್ಲಿ ಚಾಲಕನಾಗಿದ್ದವನು. ಆಗ ಅವನ ಹೆಸರನ್ನು ಬಲ್ಲವರು ಕಡಮೆ. 1931ರಲ್ಲಿ ಅವನು ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಒಂಬತ್ತು ದಿನಗಳೊಳಗೆ ಹಾರಿ ಬಂದನು. 1932ರ ಮಾರ್ಚಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ನಾಲ್ಕು ದಿನ ಹದಿನೇಳು ಗಂಟೆಗಳಲ್ಲಿ ಹಾರಿ ಅಲ್ಲಿಯೂ ದಾಖಲೆ ಮಾಡಿದನು. ಇತ್ತ ಏಮಿಯೂ ಸುಮ್ಮನಿರಲಿಲ್ಲ. ಗುರು ಹಂಫ್ರೀಸನೊಡನೆ 1931ರಲ್ಲಿ ಲಂಡನ್ನಿನಿಂದ ಒಂದೇ ದಿನದಲ್ಲಿ ಮಾಸ್ಕೋ ತಲುಪಿ, ಸೈಬೀರಿಯಾವನ್ನು ದಾಟಿ ಟೋಕಿಯೋಗೆ ಹೋಗಿ ಬಂದಿದ್ದಳು. 1932ರಲ್ಲಿ ಅವಳೂ ಜಿಮ್ಮನೂ ಮತ್ತೆ ಭೇಟಿಯಾದರು. ಒಡನಾಟ ಕೆಲವು ಗಂಟೆಗಳದೆಂದೇ ಹೇಳಬೇಕು. ಅಷ್ಟರಲ್ಲಿಯೇ ಅವನು ಮದುವೆಯ ಮಾತನ್ನೆತ್ತಿದನು, ಅವಳು ಒಪ್ಪಿದಳು. ಜುಲೈ 29ರಂದು ಲಂಡನ್ನಿನಲ್ಲಿ ಮದುವೆ ನಡೆಯಿತು. ಹಾರುವ ಪ್ರೇಮಿಗಳು ಎಂದು ಪತ್ರಿಕೆಗಳು ಅವರಿಗೆ ಹೆಸರಿಟ್ಟವು.

ಅವಸರದ ಮದುವೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅವಳ ಸ್ಥಿತಿಯನ್ನು ನೆನೆಯಬೇಕು. ಮೋಡದ ನಡುವೆ ಎಂಜಿನ್ನಿನ ಸದ್ದು ಒಮ್ಮೆಲೇ ಬದಲಾದಾಗ ಎದೆ ಹೇಗೆ ನಿಲ್ಲುತ್ತದೆ, ರಾತ್ರಿಯ ಕಡಲ ಮೇಲೆ ಒಂದು ದೀಪ ಕಂಡರೆ ಏನೆನ್ನಿಸುತ್ತದೆ ಎಂಬುದನ್ನು ಬಿಡಿಸಿ ಹೇಳದೆಯೇ ತಿಳಿಯಬಲ್ಲ ಗಂಡಸು ಆಕೆಗೆ ದೊರೆತಿದ್ದನು. ಮದುವೆಯಾದ ಮೇಲೆ ಹಾರಾಟವನ್ನು ಬಿಟ್ಟು ಮನೆಯಲ್ಲಿರಬೇಕೆಂದು ಅವನು ಕೇಳುವವನಲ್ಲ. ಅಂದಿನ ಸಮಾಜದಲ್ಲಿ ಇದೇನೂ ಚಿಕ್ಕ ಮಾತಲ್ಲ.

ಮದುವೆಯಾಗಿ ಮೂರು ವಾರ ತುಂಬುವ ಮೊದಲೇ ಜಿಮ್ ಐರ್ಲೆಂಡಿನ ಕಡಲ ದಂಡೆಯಿಂದ ಅಟ್ಲಾಂಟಿಕ್ ಮಹಾಸಾಗರದ ಮೇಲೆ ಹಾರಿದನು. ಪೂರ್ವದಿಂದ ಪಶ್ಚಿಮಕ್ಕೆ ಎದುರುಗಾಳಿಯಲ್ಲಿ ಒಬ್ಬನೇ ಆ ಸಾಗರವನ್ನು ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ಮೂವತ್ತೊಂದು ಗಂಟೆಗಳ ಬಳಿಕ ಅವನು ಕೆನಡಾದಲ್ಲಿ ಇಳಿದನು. ಆ ಮೂವತ್ತೊಂದು ಗಂಟೆಗಳು ಹೊಸ ಮದುವಣಗಿತ್ತಿಗೆ ಹೇಗೆ ಕಳೆದಿರಬೇಕು! ಸಮುದ್ರದ ಮೇಲಿರುವವನಿಂದ ಸುದ್ದಿ ಬರುವ ಹಾಗಿಲ್ಲ. ಇಂಥ ಕಾಯುವಿಕೆ ಹಡಗಿನವರ ಹೆಂಡಂದಿರಿಗೂ ಸೈನಿಕರ ಹೆಂಡಂದಿರಿಗೂ ಹೊಸತಲ್ಲ. ಏಮಿಯ ವಿಷಯದಲ್ಲಿ ವಿಶೇಷವೆಂದರೆ, ಅದೇ ವರ್ಷದ ನವೆಂಬರಿನಲ್ಲಿ ಕಾಯುವ ಸರದಿ ಗಂಡನಿಗೆ ಬಂದಿತು.

ಆ ತಿಂಗಳ 14ರಂದು ಏಮಿ ಒಬ್ಬಳೇ ಕೇಪ್‌ಟೌನಿಗೆ ಹೊರಟಳು. ಮುರಿಯಬೇಕಾಗಿದ್ದುದು ಗಂಡನ ದಾಖಲೆಯನ್ನೇ. ಸಹಾರಾ ಮರುಭೂಮಿಯನ್ನು ದಾಟಿ, ಆಫ್ರಿಕಾದ ಪಶ್ಚಿಮ ತೀರವನ್ನು ಹಿಡಿದು, ನಿದ್ದೆಯನ್ನು ಗಂಟೆಗಳಲ್ಲಿ ಎಣಿಸುತ್ತ ಹೋದಳು. ನಾಲ್ಕು ದಿನ ಆರು ಗಂಟೆ ಐವತ್ತನಾಲ್ಕು ನಿಮಿಷಗಳಲ್ಲಿ ಊರನ್ನು ಮುಟ್ಟಿದಳು. ಗಂಡನಿಗಿಂತ ಸುಮಾರು ಹತ್ತೂವರೆ ಗಂಟೆ ಕಡಮೆ! ಹಿಂದಿರುಗುವಾಗಲೂ ದಾಖಲೆ ಮಾಡಿದಳು. ಮರುವರ್ಷದ ಫೆಬ್ರವರಿಯಲ್ಲಿ ಜಿಮ್ ದಕ್ಷಿಣ ಅಟ್ಲಾಂಟಿಕ್ಕನ್ನು ದಾಟಿ ಬ್ರೆಜಿಲಿಗೆ ಹಾರಿದನು. ಹೀಗೆ ಒಬ್ಬರು ಬರುವಾಗ ಇನ್ನೊಬ್ಬರು ಹೊರಡುವುದೇ ಆ ದಾಂಪತ್ಯದ ಕ್ರಮವಾಯಿತು. ದೊಡ್ಡ ಹೋಟೆಲುಗಳಲ್ಲಿ ವಾಸ, ಔತಣ, ಛಾಯಾಚಿತ್ರಗಾರರ ಮುತ್ತಿಗೆ. ಖರ್ಚು ವಿಪರೀತ, ಅದನ್ನು ತೂಗಿಸಲು ಮತ್ತೊಂದು ಹಾರಾಟ ಬೇಕು. ಜಿಮ್ಮನಿಗೆ ಕುಡಿತದ ಅಭ್ಯಾಸ ಬಲವಾಗಿದ್ದಿತು. ಅದು ದಿನದಿನಕ್ಕೆ ಬೆಳೆಯಿತು. ಹೆಂಡತಿಯ ಕೀರ್ತಿ ತನ್ನದಕ್ಕಿಂತ ಒಂದು ಕೈ ಮೇಲು ಎಂಬ ಅರಿವು ಅವನನ್ನು ಕೊರೆಯುತ್ತಿದ್ದಿರಬೇಕು. ಸಾಗರವನ್ನು ಒಬ್ಬನೇ ದಾಟಿದ ವೀರನೂ ಜನರ ಬಾಯಲ್ಲಿ ಏಮಿಯ ಗಂಡನಾಗಿಬಿಡುತ್ತಿದ್ದನು.

ಇಬ್ಬರೂ ಕೂಡಿ ಇರಬೇಕಾದರೆ ಇಬ್ಬರೂ ಕೂಡಿ ಹಾರಬೇಕು. ಈ ಯೋಚನೆಯಿಂದಲೇ 1933ರಲ್ಲಿ ಸೀಫೇರರ್ ಎಂಬ ಎರಡು ಎಂಜಿನ್ನಿನ ವಿಮಾನ ಸಿದ್ಧವಾಯಿತು. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ತಡೆಯಿಲ್ಲದೆ ಹಾರುವುದು, ಅಲ್ಲಿಂದ ಬಾಗ್ದಾದಿಗೆ ಒಂದೇ ನೆಗೆತದಲ್ಲಿ ಹೋಗಿ ಜಗತ್ತಿನ ದೂರದ ದಾಖಲೆಯನ್ನು ಮುರಿಯುವುದು, ಇದು ಅವರ ಉದ್ದೇಶ. ಮೊದಲ ಪ್ರಯತ್ನದಲ್ಲಿ ಕ್ರಾಯ್ಡನ್ನಿನಲ್ಲಿ ಮೇಲೇಳುವಾಗಲೇ ಪೆಟ್ರೋಲಿನ ಭಾರಕ್ಕೆ ಗಾಲಿಯ ಚೌಕಟ್ಟು ಕುಸಿಯಿತು. ಜುಲೈ 22ರಂದು ವೇಲ್ಸಿನ ಪೆಂಡೈನ್ ಮರಳದಂಡೆಯಿಂದ ಮತ್ತೆ ಹೊರಟರು. ಎದುರುಗಾಳಿ ನಿರಂತರವಾಗಿ ಬೀಸಿತು. ಹಗಲು ಕಳೆದು ರಾತ್ರಿ, ರಾತ್ರಿ ಕಳೆದು ಮತ್ತೆ ಹಗಲು. ಅಮೆರಿಕದ ತೀರ ಕಂಡಾಗ ಪೆಟ್ರೋಲು ತಳ ಹಿಡಿದಿತ್ತು. ಬಾಸ್ಟನ್ನಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಳ್ಳೋಣವೆಂದು ಏಮಿಯ ಅಭಿಪ್ರಾಯ. ನ್ಯೂಯಾರ್ಕಿನವರೆಗೂ ಹೋಗಿಯೇ ಸಿದ್ಧವೆಂದು ಜಿಮ್ಮನ ಹಟ. ಚಾಲನೆಯ ದಂಡ ಅವನ ಕೈಯಲ್ಲಿತ್ತು. ನ್ಯೂಯಾರ್ಕಿಗೆ ಇನ್ನು ಸ್ವಲ್ಪವೇ ದೂರವಿರುವಾಗ, ರಾತ್ರಿಯ ಕತ್ತಲಲ್ಲಿ, ಬ್ರಿಜ್‌ಪೋರ್ಟ್ ಎಂಬಲ್ಲಿ ಇಳಿಯದೆ ಗತ್ಯಂತರವಿಲ್ಲವಾಯಿತು. ಮೂವತ್ತೊಂಬತ್ತು ಗಂಟೆ ಎಚ್ಚರವಾಗಿದ್ದ ಚಾಲಕ ಮೈದಾನವನ್ನು ಸುತ್ತಿ ಸುತ್ತಿ, ಗಾಳಿ ಬೀಸುವ ದಿಕ್ಕಿನಲ್ಲಿಯೇ ವಿಮಾನವನ್ನು ಇಳಿಸಿದನು. ಹಕ್ಕಿಯೂ ಎದುರುಗಾಳಿಗೆ ಮುಖಮಾಡಿಯೇ ಕೊಂಬೆಗೆ ಇಳಿಯುತ್ತದೆ. ಗಾಳಿಯೊಡನೆ ಇಳಿದ ವಿಮಾನ ನಿಲ್ಲುವುದಿಲ್ಲ. ಸೀಫೇರರ್ ಮೈದಾನವನ್ನು ಮೀರಿ ಓಡಿ, ಜೌಗಿನಲ್ಲಿ ಬಿದ್ದು ತಲೆಕೆಳಗಾಯಿತು. ಗಂಡಹೆಂಡಿರಿಬ್ಬರೂ ಗಾಯಗೊಂಡು ಆಸ್ಪತ್ರೆ ಸೇರಿದರು. ನೆನಪಿಗೆಂದು ಜನ ವಿಮಾನದ ತುಂಡುತುಂಡನ್ನೂ ಕಿತ್ತೊಯ್ದರು. ಕೆಲವು ದಿನಗಳಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಅವರಿಗೆ ಕಾಗದದ ಹೂಮಳೆಯ ಮೆರವಣಿಗೆ ನಡೆಯಿತು. ಮೆರವಣಿಗೆಯ ಬಂಡಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಇಬ್ಬರೂ ಜನರತ್ತ ಕೈಬೀಸಿದರು.

ಒಂದು ಬಂಡಿಗೆ ಇಬ್ಬರು ಸಾರಥಿಗಳಿದ್ದಾಗ ಹಗ್ಗ ಯಾರ ಕೈಯಲ್ಲಿರಬೇಕೆಂಬುದು ಹಳೆಯ ಪ್ರಶ್ನೆ. ಅದಕ್ಕೆ ಉತ್ತರವೇ ಇಲ್ಲವೆನ್ನಲಾಗದು. ಮುಂದೆ ನಮ್ಮ ಕನ್ನಡ ನಾಡಿನಲ್ಲಿಯೇ ಅಂಥದೊಂದು ಜೋಡಿ ಇದ್ದಿತು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಉಷಾ ಸುಂದರಂ, ಪತಿ ಕ್ಯಾಪ್ಟನ್ ಸುಂದರಂ ಅವರ ಪಕ್ಕದಲ್ಲಿ ಸಹಚಾಲಕಿಯಾಗಿ ಕುಳಿತು ಮೈಸೂರು ಮಹಾರಾಜರ ಡಕೋಟಾ ವಿಮಾನವನ್ನು ನಡೆಸುತ್ತಿದ್ದರು. ಲಂಡನ್ನಿನಿಂದ ಭಾರತಕ್ಕೆ ಹೊಸ ವಿಮಾನವೊಂದನ್ನು ಆ ದಂಪತಿಗಳೇ ಹಾರಿಸಿಕೊಂಡು ಬಂದದ್ದೂ ಉಂಟು. ಅವರ ನಡುವೆ ಸ್ಪರ್ಧೆಯಿರಲಿಲ್ಲ. ಏಮಿ ಮತ್ತು ಜಿಮ್ ಇಬ್ಬರೂ ಬೇರೆ ಬೇರೆಯಾಗಿ ಮೊದಲಿಗರಾಗಬೇಕೆಂದೇ ಹೊರಟವರು. ಅವರನ್ನು ಕೂಡಿಸಿದ ಗುಣವೂ ಅದೇ ಆಗಿದ್ದಿತು.

1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ಮೆಲ್ಬರ್ನಿಗೆ ವಿಮಾನಗಳ ಮಹಾಪಂದ್ಯ ಏರ್ಪಟ್ಟಿತು. ಏಮಿ ಮತ್ತು ಜಿಮ್ ಬ್ಲ್ಯಾಕ್ ಮ್ಯಾಜಿಕ್ ಎಂಬ ಕಪ್ಪು ಬಣ್ಣದ ಕಾಮೆಟ್ ವಿಮಾನದಲ್ಲಿ ಸ್ಪರ್ಧಿಸಿದರು. ಆ ವಿಮಾನದಲ್ಲಿ ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳಬೇಕು. ಮುಖಕ್ಕೆ ಮುಖ ಕಾಣುವುದಿಲ್ಲ. 20ನೆಯ ತಾರೀಖಿನ ಬೆಳಗಿನಲ್ಲಿ ಮಿಲ್ಡನ್‌ಹಾಲ್ ಎಂಬಲ್ಲಿಂದ ಎಲ್ಲರಿಗಿಂತ ಮೊದಲು ಮೇಲೆದ್ದವರು ಇವರೇ. ಎಲ್ಲಿಯೂ ಇಳಿಯದೆ ಬಾಗ್ದಾದು, ಅಲ್ಲಿಂದ ಕರಾಚಿ. ನಾಲ್ಕು ವರ್ಷಗಳ ಹಿಂದೆ ಏಮಿಗೆ ಆರು ದಿನ ಹಿಡಿದಿದ್ದ ಹಾದಿಯನ್ನು ಈಗ ಇಬ್ಬರೂ ಸೇರಿ ಇಪ್ಪತ್ತೆರಡು ಗಂಟೆ ಚಿಲ್ಲರೆಯಲ್ಲಿ ಮುಗಿಸಿದ್ದರು. ಅಷ್ಟು ವೇಗವಾಗಿ ಇಂಗ್ಲೆಂಡಿನಿಂದ ಭಾರತಕ್ಕೆ ಯಾರೂ ಬಂದಿರಲಿಲ್ಲ. ಅವರ ಜೋಡಿ ಹಾರಾಟದ ಶಿಖರ ಅದು.

ಕರಾಚಿಯಿಂದ ಮುಂದೆ ಎಲ್ಲವೂ ಕೆಟ್ಟಿತು. ಗಾಲಿಗಳು ಒಳಸೇರದೆ ಹಿಂದಿರುಗಬೇಕಾಯಿತು. ಮತ್ತೆ ಹೊರಟಾಗ ಕತ್ತಲಲ್ಲಿ ದಾರಿ ತಪ್ಪಿತು. ಅಲೆದಲೆದು ಜಬಲ್ಪುರದಲ್ಲಿ ಇಳಿದರು. ಅಲ್ಲಿ ವಿಮಾನಕ್ಕೆ ತಕ್ಕ ಪೆಟ್ರೋಲು ಇರಲಿಲ್ಲ. ಊರಿನ ಬಸ್ಸಿನ ಕಂಪನಿಯವರಲ್ಲಿದ್ದ ಸಾಧಾರಣ ಪೆಟ್ರೋಲನ್ನೇ ತುಂಬಿಕೊಂಡು ಹಾರಿದರು. ಓಟದ ಕುದುರೆಗೆ ಎತ್ತಿನ ಮೇವು ಹಾಕಿದಂತೆ, ಆ ನಾಜೂಕಿನ ಎಂಜಿನ್ನುಗಳಿಗೆ ಅದು ಒಗ್ಗಲಿಲ್ಲ. ಒಂದು ಎಂಜಿನ್ನು ಕೆಟ್ಟು, ಹೇಗೋ ಅಲಹಾಬಾದನ್ನು ಮುಟ್ಟಿದರು. ಪಂದ್ಯ ಅಲ್ಲಿಗೆ ಮುಗಿಯಿತು. ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ಎಂಬಿಬ್ಬರು ಅಂಥದೇ ಇನ್ನೊಂದು ಕಾಮೆಟ್ಟಿನಲ್ಲಿ ಎಪ್ಪತ್ತೊಂದು ಗಂಟೆಗಳಲ್ಲಿ ಮೆಲ್ಬರ್ನ್ ಸೇರಿ ಗೆದ್ದರು. ಝಾನ್ಸಿಯಲ್ಲಿ ಮುರಿದ ರೆಕ್ಕೆಯನ್ನು ಬಡಗಿಯೊಬ್ಬನು ಬೆಸೆದುಕೊಟ್ಟಿದ್ದನು. ಅಲಹಾಬಾದಿನಲ್ಲಿ ಮುರಿದುಬಿದ್ದದ್ದನ್ನು ಬೆಸೆಯುವವರು ಇರಲಿಲ್ಲ. ಅದಾದ ಮೇಲೆ ಅವರಿಬ್ಬರೂ ಒಂದೇ ವಿಮಾನದಲ್ಲಿ ಯಾವ ದೊಡ್ಡ ಯಾತ್ರೆಯನ್ನೂ ಕೈಗೊಳ್ಳಲಿಲ್ಲ. ಮನೆಯಲ್ಲಿಯೂ ದಾರಿಗಳು ಬೇರೆಯಾದವು. 1938ರಲ್ಲಿ ವಿಚ್ಛೇದನವಾಯಿತು. ಆಕೆ ಮತ್ತೆ ಏಮಿ ಜಾನ್ಸನ್ ಎಂಬ ತವರಿನ ಹೆಸರನ್ನೇ ಇಟ್ಟುಕೊಂಡಳು.

ಇಷ್ಟರ ನಡುವೆ, 1936ರ ಮೇ ತಿಂಗಳಲ್ಲಿ, ಆಕೆ ಒಬ್ಬಳೇ ಮತ್ತೊಮ್ಮೆ ಕೇಪ್‌ಟೌನಿಗೆ ಹಾರಿ, ಮೂರು ದಿನ ಆರು ಗಂಟೆಗಳಲ್ಲಿ ಹಳೆಯ ಕೀರ್ತಿಯನ್ನು ಮರಳಿ ಗಳಿಸಿದ್ದಳು. ಅವಳ ಕೊನೆಯ ದೀರ್ಘ ಯಾತ್ರೆ ಅದೇ. ಕಾಲ ಬದಲಾಗಿದ್ದಿತು. ದೊಡ್ಡ ಕಂಪನಿಗಳು ವಾರವಾರವೂ ಪ್ರಯಾಣಿಕರನ್ನು ಖಂಡದಿಂದ ಖಂಡಕ್ಕೆ ಒಯ್ಯತೊಡಗಿದ ಮೇಲೆ ಒಂಟಿ ಹಾರಾಟಕ್ಕೆ ಹಣ ಕೊಡುವವರು ಕಡಮೆಯಾದರು. ಮಹಿಳಾ ಎಂಜಿನಿಯರುಗಳ ಸಂಘಕ್ಕೆ ಆಕೆ ಅಧ್ಯಕ್ಷಳಾಗಿ ದುಡಿದಳು. ಪತ್ರಿಕೆಗಳಿಗೆ ಬರೆದಳು, ಮೋಟಾರು ಪಂದ್ಯಗಳಲ್ಲಿ ಓಡಿಸಿದಳು, ಎಂಜಿನ್ನಿಲ್ಲದ ಗ್ಲೈಡರುಗಳಲ್ಲಿ ಗಾಳಿಯನ್ನೇ ನಂಬಿ ತೇಲಿದಳು. 1939ರಲ್ಲಿ ಚಿಕ್ಕ ವಿಮಾನ ಕಂಪನಿಯೊಂದರಲ್ಲಿ ಸಾಮಾನ್ಯ ಚಾಲಕಿಯ ಕೆಲಸಕ್ಕೂ ಸೇರಿದಳು. ಆಸ್ಟ್ರೇಲಿಯಾಕ್ಕೆ ಹಾರಿದವಳು ಕೆಲವೇ ಮೈಲಿಯ ಜಲಸಂಧಿಯ ಮೇಲೆ ದಿನವೂ ಹಿಂದಕ್ಕೂ ಮುಂದಕ್ಕೂ ಹೋಗಿಬರುತ್ತಿದ್ದಳು. ಇದನ್ನು ಅವನತಿ ಎಂದವರುಂಟು. ಆದರೆ ಯಾವ ಚಪ್ಪಾಳೆಯೂ ಇಲ್ಲದೆ, ತಿಂಗಳ ಸಂಬಳಕ್ಕೆ, ಆಕೆ ಹಾರಾಟವನ್ನು ಬಿಡದೆ ಹಿಡಿದುಕೊಂಡದ್ದು ಡಾರ್ವಿನ್ನಿನ ಯಾತ್ರೆಗಿಂತ ಕಡಮೆಯದೆಂದು ಹೇಳಲಾಗದು.

ಎರಡನೆಯ ಮಹಾಯುದ್ಧ ಬಂದಿತು. ಕಾರ್ಖಾನೆಗಳಿಂದ ಹೊರಬಂದ ವಿಮಾನಗಳನ್ನು ಸೇನೆಯ ನೆಲೆಗಳಿಗೆ ಮುಟ್ಟಿಸಲು ವಾಯು ಸಾರಿಗೆಯ ಸಹಾಯಕ ಪಡೆಯೊಂದು ಏರ್ಪಟ್ಟಿದ್ದಿತು. 1940ರ ಮೇ ತಿಂಗಳಲ್ಲಿ ಏಮಿ ಅದನ್ನು ಸೇರಿದಳು. ಅಲ್ಲಿ ಬಂದೂಕಿಲ್ಲ, ರೇಡಿಯೋ ಇಲ್ಲ. ನೆಲವನ್ನು ನೋಡುತ್ತ ಹಾರಬೇಕು. ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಸಂಬಳವೂ ಮೊದಲು ಕಡಮೆ. ಅದು ಸಮನಾದದ್ದು 1943ರಲ್ಲಿ. ಜಿಮ್ ಮಾಲಿಸನ್ನನೂ ಇದೇ ಪಡೆಯಲ್ಲಿ ಚಾಲಕನಾಗಿದ್ದನು. ಒಂದು ಕಾಲಕ್ಕ ಒಬ್ಬರ ದಾಖಲೆಯನ್ನು ಒಬ್ಬರು ಮುರಿಯುತ್ತಿದ್ದವರು ಈಗ ಒಂದೇ ಪಡೆಯ ಸಮವಸ್ತ್ರ ತೊಟ್ಟು, ಬೇರೆ ಬೇರೆ ವಿಮಾನಗಳಲ್ಲಿ ಒಂದೇ ಕೆಲಸವನ್ನು ಮಾಡುತ್ತಿದ್ದರು.

1941ರ ಜನವರಿ 4ರಂದು ಏಮಿ ಸ್ಕಾಟ್ಲೆಂಡಿನಿಂದ ಏರ್‌ಸ್ಪೀಡ್ ಆಕ್ಸ್‌ಫರ್ಡ್ ಎಂಬ ವಿಮಾನವನ್ನು ತೆಗೆದುಕೊಂಡು ಹೊರಟಳು. ಅದನ್ನು ಆಕ್ಸ್‌ಫರ್ಡ್ ನಗರದ ಬಳಿಯ ಕಿಡ್ಲಿಂಗ್ಟನ್ ನೆಲೆಗೆ ಮುಟ್ಟಿಸಬೇಕಾಗಿದ್ದಿತು. ಆ ರಾತ್ರಿ ಬ್ಲ್ಯಾಕ್‌ಪೂಲಿನಲ್ಲಿ ತಂಗಿ ಮಾಲಿಯ ಮನೆಯಲ್ಲಿ ತಂಗಿದಳು. ಮರುದಿನ ಹವೆ ತೀರ ಕೆಟ್ಟಿದ್ದರೂ ಮಧ್ಯಾಹ್ನಕ್ಕೆ ಮೊದಲೇ ಮೇಲೆದ್ದಳು. ಸುಮಾರು ಒಂದು ಗಂಟೆಯ ಹಾದಿ. ಮೂರೂವರೆ ಗಂಟೆಗಳ ಮೇಲೆ, ದಾರಿಯಿಂದ ಬಹು ದೂರದಲ್ಲಿ, ಥೇಮ್ಸ್ ನದಿ ಕಡಲನ್ನು ಸೇರುವಲ್ಲಿ ಹಡಗಿನವರು ಮೋಡದಿಂದ ಇಳಿಯುತ್ತಿರುವ ಪ್ಯಾರಾಚೂಟೊಂದನ್ನು ಕಂಡರು. ಹೇಸಲ್‌ಮಿಯರ್ ಎಂಬ ಹಡಗು ಅತ್ತ ಧಾವಿಸಿತು. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದಿತು, ಅಲೆಗಳೆದ್ದಿದ್ದವು. ಹಗ್ಗಗಳನ್ನು ಎಸೆದರೂ ಕೈಗೆ ಸಿಗಲಿಲ್ಲ. ಹಡಗಿನ ನಾಯಕ ವಾಲ್ಟರ್ ಫ್ಲೆಚರ್ ಸ್ವತಃ ನೀರಿಗೆ ಹಾರಿದನು. ಅವನನ್ನು ಮೇಲೆತ್ತಿದಾಗ ಪ್ರಜ್ಞೆಯಿರಲಿಲ್ಲ. ಆ ಚಳಿಯಿಂದ ಅವನು ಉಳಿಯಲಿಲ್ಲ. ಗುರುತು ಕೂಡ ಇಲ್ಲದ ಚಾಲಕಿಯೊಬ್ಬಳಿಗಾಗಿ ಪ್ರಾಣ ಕೊಟ್ಟ ಆ ನಾವಿಕನ ಹೆಸರನ್ನು ಏಮಿಯ ಕಥೆಯಿಂದ ಬಿಡಲಾಗದು.

ಆಕೆ ದಾರಿ ತಪ್ಪಿದ್ದು ಹೇಗೆ, ವಿಮಾನ ಬಿದ್ದದ್ದೇಕೆ ಎಂಬ ಬಗ್ಗೆ ಅಂದಿನಿಂದ ಇಂದಿನವರೆಗೂ ವಾದಗಳಿವೆ. ಸಮುದ್ರದಿಂದ ಅವಳ ಚೀಲಗಳು ದೊರೆತವು; ದೇಹ ದೊರೆಯಲಿಲ್ಲ. ಆಗ ಆಕೆಗೆ ಮೂವತ್ತೇಳು ವರ್ಷ. ಜಿಮ್ ಯುದ್ಧ ಮುಗಿಯುವವರೆಗೂ ವಿಮಾನಗಳನ್ನು ಮುಟ್ಟಿಸುತ್ತಿದ್ದನು, 1959ರಲ್ಲಿ ತೀರಿಕೊಂಡನು. ಝಾನ್ಸಿಯ ಬಡಗಿ ತಿದ್ದಿಕೊಟ್ಟ, ಇನ್‌ಸೇನಿನ ವಿದ್ಯಾರ್ಥಿಗಳು ಅಂಗಿಯ ಬಟ್ಟೆ ಹೊದಿಸಿದ ಜೇಸನ್ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.